ಆಶ್ ಬ್ರೌನ್ ಕೇಳಿದ್ರೆ ಕಿತ್ತಳೆ ಯಾಕೆ ಬರುತ್ತೆ? ಸಲೂನ್ ಕುರ್ಚಿ ಮೇಲೆ ಕೂರೋ ಮುಂಚೆ

ಇವತ್ತಿನ ಎಪಿಸೋಡ್ ಪೂರ್ತಿ ತಲೆಕೂದಲಿನ ಬಣ್ಣದ ಬಗ್ಗೆ. ನಮಗೆ ಬರೋ ಮೆಸೇಜ್‌ಗಳಲ್ಲಿ ಒಂದು ಥರದ್ದು ಪದೇ ಪದೇ ಬರುತ್ತೆ: ಇನ್‌ಸ್ಟಾಗ್ರಾಂನ ಒಂದು ಫೋಟೊ, ಅದರ ಕೆಳಗೆ "ಇದೇ ಕಲರ್ ಬೇಕು, ಬ್ಲೀಚ್ ಬೇಡ, ಭಾನುವಾರ ಅಕ್ಕನ ಮದುವೆ". ಈ ಮೂರೂ ಒಟ್ಟಿಗೆ ಆಗೋದು ಕಷ್ಟ. ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ನಂಬರ್ ವಿಷಯ. ಸಲೂನ್ ಟ್ಯೂಬ್ ಮೇಲೆ 5.4, 6.1 ಅಂತೆಲ್ಲ ಬರೆದಿರುತ್ತಲ್ಲ, ಅದರಲ್ಲಿ ಮೊದಲ ಅಂಕಿ ಬಣ್ಣ ಎಷ್ಟು ಗಾಢ ಅನ್ನೋದನ್ನ ಹೇಳುತ್ತೆ. 1 ಅಂದ್ರೆ ಕಡು ಕಪ್ಪು, 10 ಅಂದ್ರೆ ತೀರಾ ತಿಳಿಯಾದ ಬ್ಲಾಂಡ್. ನಮ್ಮಲ್ಲಿ ಬಹುತೇಕರ ಕೂದಲು 1ರಿಂದ 3ರ ಒಳಗೇ ಇರುತ್ತೆ. ಚುಕ್ಕೆಯ ನಂತರದ ಅಂಕಿ ಛಾಯೆಯದ್ದು. ಲೋರಿಯಲ್‌ನಲ್ಲಿ .1 ಅಂದ್ರೆ ಆಶ್, .3 ಚಿನ್ನದ ಛಾಯೆ, .4 ತಾಮ್ರ, .6 ಕೆಂಪು. ಆದರೆ ವೆಲ್ಲಾದಲ್ಲಿ 4 ಅಂದ್ರೆ ಕೆಂಪು, 6 ಅಂದ್ರೆ ನೇರಳೆ! ಹಾಗಾಗಿ "ಹೋದ ಸಲ 5.6 ಹಾಕಿದ್ರು, ಅದನ್ನೇ ಹಾಕಿ" ಅಂತ ಇನ್ನೊಂದು ಸಲೂನ್‌ನಲ್ಲಿ ಹೇಳಿದ್ರೆ ಕೆಂಪಿನ ಬದಲು ನೇರಳೆ ತಗೊಂಡು ಮನೆಗೆ ಬರಬಹುದು. ನಂಬರ್ ಜೊತೆ ಬ್ರಾಂಡ್ ಹೆಸರನ್ನೂ ಬರೆದಿಟ್ಕೊಳ್ಳಿ. ಟ್ಯೂಬ್‌ನ ಒಂದು ಫೋಟೊ ತೆಗೆದ್ಕೊಂಡ್ರೆ ಕೆಲಸ ಮುಗೀತು.

ಈಗ ಕಿತ್ತಳೆ ಪ್ರಶ್ನೆಗೆ ಬರೋಣ. ಕಡು ನೀಲಿ ಸೀರೆಯನ್ನ ತಿಳಿ ಗುಲಾಬಿ ಬಣ್ಣದ ನೀರಲ್ಲಿ ಅದ್ದಿದ್ರೆ ಅದು ಗುಲಾಬಿ ಆಗಲ್ಲ. ಕೂದಲೂ ಅಷ್ಟೇ. ಒಳಗಿರೋ ಕಪ್ಪು ವರ್ಣಕ, ಅಂದ್ರೆ ಮೆಲನಿನ್, ಕಡಿಮೆಯಾಗದೆ ತಿಳಿ ಬಣ್ಣ ಕಾಣೋದೇ ಇಲ್ಲ. ಪರ್ಮನೆಂಟ್ ಕಲರ್‌ನಲ್ಲಿ ಅಮೋನಿಯಾ ಅಥವಾ ಅದರ ಬದಲಿಗೆ ಬಳಸೋ ಇನ್ನೊಂದು ಕ್ಷಾರ ಕೂದಲ ಹೊರಪದರವನ್ನ ಸಡಿಲ ಮಾಡುತ್ತೆ. ಡೆವಲಪರ್‌ನಲ್ಲಿರೋ ಹೈಡ್ರೋಜನ್ ಪೆರಾಕ್ಸೈಡ್ ಮೆಲನಿನ್ನನ್ನ ಸ್ವಲ್ಪ ಮಟ್ಟಿಗೆ ಕರಗಿಸಿ, ಹೊಸ ಬಣ್ಣವನ್ನ ಒಳಗೇ ಹುಟ್ಟಿಸುತ್ತೆ. 20 ವಾಲ್ಯೂಮ್ ಅಂದ್ರೆ 6% ಪೆರಾಕ್ಸೈಡ್, ಅದು ಒಂದೆರಡು ಲೆವೆಲ್ ತಿಳಿ ಮಾಡುತ್ತೆ. 30 ವಾಲ್ಯೂಮ್ ಅಂದ್ರೆ 9%, ಹೆಚ್ಚಂದ್ರೆ ಮೂರು. ಲೆವೆಲ್ 2ರ ಕೂದಲು ಬ್ಲೀಚ್ ಇಲ್ಲದೆ 5ರ ಹತ್ತಿರ ಬಂದು ನಿಲ್ಲುತ್ತೆ. ನೀವು ತೋರಿಸೋ ಫೋಟೊದಲ್ಲಿರೋದು 7 ಅಥವಾ 8.

ಅಲ್ಲಿಗೆ ಹೋಗೋಕೆ ಬ್ಲೀಚ್ ಬೇಕೇ ಬೇಕು. ಬ್ಲೀಚ್ ಆಗ್ತಾ ಹೋದ ಹಾಗೆ ಕಪ್ಪು ಕೂದಲು ಮೊದಲು ಕೆಂಪು ಮಿಶ್ರಿತ ಕಂದು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆ ಒಳಭಾಗದ ತಿಳಿ ಹಳದಿ ಆಗುತ್ತೆ. ಕಿತ್ತಳೆಯನ್ನ ನೀಲಿ ತಣಿಸುತ್ತೆ, ಹಳದಿಯನ್ನ ನೇರಳೆ. ಆಶ್ ಶೇಡ್‌ಗಳಲ್ಲಿ ಇರೋದು ಇಂಥ ತಣ್ಣನೆ ವರ್ಣಗಳೇ. ಅವು ಕೆಲವು ವಾರಗಳಲ್ಲಿ ತೊಳೆದುಹೋದ್ರೆ ಕೆಳಗಿನ ಕಿತ್ತಳೆ ಮತ್ತೆ ಮೇಲೆ ಬರುತ್ತೆ. ಅದನ್ನ ಸಲೂನ್‌ನವರ ಮೋಸ ಅನ್ನೋಕಾಗಲ್ಲ. ಆದರೆ ಮೊದಲೇ ಹೇಳದೆ ದುಡ್ಡು ತಗೊಂಡಿದ್ರೆ ಅದು ತಪ್ಪೇ.

ನನ್ನನ್ನ ಕೇಳಿದ್ರೆ, ಬ್ಲೀಚ್ ಬೇಡ ಅನ್ನೋರು ಬೆಚ್ಚಗಿನ ಬಣ್ಣಗಳ ಕಡೆ ಹೋಗೋದು ವಾಸಿ. ಮಹಾಗನಿ, ಬರ್ಗಂಡಿ, ತಾಮ್ರದ ಛಾಯೆಯ ಬ್ರೌನ್, ಇವೆಲ್ಲ ನಮ್ಮ ಕೂದಲೊಳಗಿನ ಕೆಂಪಿನ ಜೊತೆ ಹೊಂದಿಕೊಳ್ಳುತ್ತವೆ. ಅದರ ವಿರುದ್ಧ ಜಗಳ ಆಡಲ್ಲ. ಒಂದೇ ತೊಂದರೆ ಅಂದ್ರೆ ಕೆಂಪು ಬೇಗ ಮಾಸುತ್ತೆ. ಇನ್ನು ಶೇಡ್ ಕಾರ್ಡ್ ನೋಡಿ ಮರುಳಾಗಬೇಡಿ. ಅದರಲ್ಲಿರೋ ಎಳೆಗಳು ಸಾಮಾನ್ಯವಾಗಿ ನೈಲಾನ್, ನಿಮ್ಮ ಕೂದಲಲ್ಲ.

ಹಳೇ ಡೈ ಇದ್ರೆ ಲೆಕ್ಕವೇ ಬೇರೆ. ಡೈ ಹಾಕಿದ ಕೂದಲನ್ನ ಮತ್ತೊಂದು ಡೈ ತಿಳಿ ಮಾಡಲ್ಲ. ಅದರ ಮೇಲೆ 5 ಹಾಕಿದ್ರೆ ಹೊಸದಾಗಿ ಬಂದ ಬುಡ ಮಾತ್ರ ತಿಳಿಯಾಗಿ, ತುದಿ ಕಪ್ಪಾಗೇ ಉಳಿಯುತ್ತೆ. ನೆತ್ತಿಯ ಶಾಖಕ್ಕೆ ಬುಡ ಹೇಗೂ ಬೇಗ ಬಣ್ಣ ಹಿಡಿಯುತ್ತೆ ಬೇರೆ.

ಗೋರಂಟಿ ಹಾಕಿದ್ದೀರಾ? ಅದನ್ನ ಮುಚ್ಚಿಡದೆ ಹೇಳಿ. ಹಿತ್ತಲಿನ ಎಲೆ ರುಬ್ಬಿ ಹಾಕಿದ ಗೋರಂಟಿಯಿಂದ ಕೆಂಪು ಕಿತ್ತಳೆ ಬರುತ್ತೆ, ಅಷ್ಟೇ. ಆದರೆ "ಬ್ಲ್ಯಾಕ್ ಹೆನ್ನಾ" ಅಂತ ಪ್ಯಾಕೆಟ್‌ನಲ್ಲಿ ಬರೋದು ಬರೀ ಎಲೆಪುಡಿ ಆಗಿರಲ್ಲ. ಕೆಲವದರಲ್ಲಿ ನೀಲಿ ಗಿಡದ ಪುಡಿ, ಕೆಲವದರಲ್ಲಿ ಲೋಹದ ಲವಣ, ಕೆಲವದರಲ್ಲಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ. ನೀಲಿ ಪುಡಿ ಹಾಕಿದ ಕೂದಲಿಗೆ ಬ್ಲೀಚ್ ಮಾಡಿದ್ರೆ ಹಸಿರು ಬರಬಹುದು. ಲೋಹದ ಲವಣ ಇದ್ದ ಕೂದಲಿಗೆ ಪೆರಾಕ್ಸೈಡ್ ತಗುಲಿದ್ರೆ ಬಿಸಿಯಾಗಿ ಎಳೆ ಸುಟ್ಟು ತುಂಡಾಗೋ ಅಪಾಯ ಇದೆ. ಕಿವಿ ಹಿಂದಿನ ಒಂದು ಸಣ್ಣ ಎಳೆ ತಗೊಂಡು ಮೊದಲು ಪರೀಕ್ಷೆ ಮಾಡಿ ಅಂತ ಕೇಳಿ. ಅರ್ಧ ಗಂಟೆ ಹೆಚ್ಚು ಹೋದ್ರೂ ಪರವಾಗಿಲ್ಲ.

ಈಗ ನಾನು ಹೇಳಲೇಬೇಕು ಅಂದ್ಕೊಂಡಿದ್ದ ವಿಷಯ: ಅಲರ್ಜಿ. ಗಾಢ ಬಣ್ಣದ ಬಹಳಷ್ಟು ಪರ್ಮನೆಂಟ್ ಕಲರ್‌ಗಳಲ್ಲಿ ಪಿಪಿಡಿ ಅಥವಾ ಅದರ ಹತ್ತಿರದ ಸಂಬಂಧಿ ಇರುತ್ತೆ. ಕೆಲವರಿಗೆ ಇದು ಆಗಿಬರಲ್ಲ. ನೆತ್ತಿ ತುರಿಸುತ್ತೆ, ಕಿವಿ ಸುತ್ತ ಗುಳ್ಳೆ ಬರುತ್ತೆ, ಮಾರನೇ ದಿನವೋ ಅದರ ಮಾರನೇ ದಿನವೋ ಕಣ್ಣಿನ ರೆಪ್ಪೆ ಊದಿ ಕಣ್ಣು ಬಿಡೋಕೇ ಆಗಲ್ಲ. "ಐದು ವರ್ಷದಿಂದ ಹಾಕ್ತಿದೀನಿ, ಏನೂ ಆಗಿಲ್ಲ" ಅನ್ನೋದು ಭರವಸೆ ಅಲ್ಲ, ಇದು ಎಷ್ಟನೇ ಸಲ ಬೇಕಾದ್ರೂ ಶುರುವಾಗಬಹುದು. ಒಮ್ಮೆ ಬಂದ ಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತೆ. ಜಾತ್ರೆಯಲ್ಲೋ ಪ್ರವಾಸದಲ್ಲೋ ಕೈಗೆ ಹಾಕಿಸಿಕೊಂಡ ಕಪ್ಪು ಮೆಹಂದಿ ಟ್ಯಾಟೂ ಉರಿ ತಂದಿತ್ತು ಅಂದ್ರೆ ವಿಶೇಷ ಎಚ್ಚರಿಕೆ ಬೇಕು. ಅದರಲ್ಲಿ ಇದ್ದಿದ್ದು ಇದೇ ಪಿಪಿಡಿ ಇರಬಹುದು. ಅಂಥೋರು ಚರ್ಮದ ಡಾಕ್ಟರ್‌ನ ಕೇಳದೆ ಕಲರ್ ಮುಟ್ಟಬೇಡಿ.

"ಅಮೋನಿಯಾ ಫ್ರೀ" ಅಂದ್ರೆ ಸೇಫ್ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ವಾಸನೆ ಕಡಿಮೆ ಆಗುತ್ತೆ, ನಿಜ. ಆದರೆ ಪಿಪಿಡಿಗೂ ಅಮೋನಿಯಾಗೂ ಸಂಬಂಧ ಇಲ್ಲ, ಒಂದು ಇಲ್ಲದ ಡಬ್ಬಿಯಲ್ಲಿ ಇನ್ನೊಂದು ಇರಬಹುದು.

ಅದಕ್ಕೇ ಪ್ಯಾಚ್ ಟೆಸ್ಟ್. ಸಲೂನ್‌ನವರು ಹಾಕಬೇಕು ಅಂದ್ಕೊಂಡಿರೋ ಅದೇ ಕಲರನ್ನ, ಆ ಬ್ರಾಂಡ್ ಹೇಳಿರೋ ಕ್ರಮದಲ್ಲಿ, ಕಿವಿ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಬೇಕು. ಭಾನುವಾರ ಮದುವೆ ಅಂದ್ರೆ ಶನಿವಾರ ಸಲೂನ್‌ಗೆ ಹೋಗೋದು ಯಾಕೆ ಸರಿಯಲ್ಲ ಅಂತ ಈಗ ಗೊತ್ತಾಯ್ತಲ್ಲ? ಹತ್ತು ದಿನ ಮುಂಚೆ ಟೆಸ್ಟ್, ವಾರ ಮುಂಚೆ ಕಲರ್, ಹೀಗಿಟ್ಕೊಳ್ಳಿ. "ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ ಮೇಡಂ" ಅಂತ ಟೆಸ್ಟ್ ತಳ್ಳಿಹಾಕೋ ಜಾಗದಿಂದ ನಾನಾದ್ರೆ ಎದ್ದು ಬರ್ತೀನಿ. ಕಲರ್ ಹಾಕಿದ ಮೇಲೆ ಮುಖ ಊದಿಕೊಂಡ್ರೆ ಅಥವಾ ಉಸಿರಾಡೋಕೆ ಕಷ್ಟ ಆದ್ರೆ ಸೀದಾ ಆಸ್ಪತ್ರೆಗೆ ಹೋಗಿ. ಮನೆಮದ್ದು ಹಚ್ಚಿಕೊಂಡು ಕೂರಬೇಡಿ.

ಖರ್ಚಿನ ಮಾತು ಬೇಗ ಮುಗಿಸ್ತೀನಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ. ಗ್ಲೋಬಲ್, ಅಂದ್ರೆ ತಲೆಪೂರ್ತಿ ಕಲರ್ ಮಾಡಿಸಿದ್ರೆ, ನಾಲ್ಕರಿಂದ ಆರು ವಾರಕ್ಕೆ ಬುಡದ ಕಪ್ಪು ಕಾಣೋಕೆ ಶುರುವಾಗುತ್ತೆ, ಟಚಪ್ ಬೇಕಾಗುತ್ತೆ. ಬಾಲಯಾಜ್ ಅಂದ್ರೆ ಫ್ರೆಂಚ್‌ನಲ್ಲಿ ಗುಡಿಸೋದು ಅಂತ ಅರ್ಥ. ಬ್ರಷ್‌ನಲ್ಲಿ ಗುಡಿಸಿದ ಹಾಗೆ ಬುಡ ಬಿಟ್ಟು ಕೆಳಗೆ ಹಚ್ಚೋದರಿಂದ ತಿಂಗಳುಗಟ್ಟಲೆ ನಡೆಯುತ್ತೆ. ಮೊದಲ ಬಿಲ್ ದೊಡ್ಡದಾದ್ರೂ ವರ್ಷದ ಲೆಕ್ಕದಲ್ಲಿ ಸ್ಟೂಡೆಂಟ್‌ಗಳಿಗೆ ಇದೇ ಅಗ್ಗ ಆಗಬಹುದು. ಕೂರೋ ಮುಂಚೆ ಬ್ಲೀಚ್, ಟೋನರ್, ಕೂದಲುದ್ದದ ಎಕ್ಸ್‌ಟ್ರಾ ಎಲ್ಲ ಸೇರಿಸಿ ಎಷ್ಟು ಅಂತ ಕೇಳಿ, ವಾಟ್ಸಾಪ್‌ನಲ್ಲಿ ಬರೆಸ್ಕೊಳ್ಳಿ.

ಬೋರ್‌ವೆಲ್ ನೀರಿನ ಬಗ್ಗೆ ಬೆಂಗಳೂರಿನ ಪಿಜಿಗಳಿಂದ ಬಂದ ಪ್ರಶ್ನೆಗೂ ಉತ್ತರ ಕೊಟ್ಟುಬಿಡ್ತೀನಿ: ಹೌದು, ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಬಣ್ಣ ಮಂಕಾಗಿ ಕಾಣುತ್ತೆ. ಕೊನೆಯ ಒಂದು ಮಗ್ ಫಿಲ್ಟರ್ ನೀರು ಹಾಕ್ಕೊಳ್ಳಿ, ಬಿಸಿ ಬೇಡ, ಉಗುರುಬೆಚ್ಚಗೆ ಸಾಕು.