ಲಾಜರನಿಗೆ ಎಡೆಯಿತ್ತ ದೇವಾಲಯ: ತಾವುಲ್ ಗ್ರಾಮದ ಸಂತ ಕ್ಲೆಮೆಂಟರ ಚರ್ಚು

ಬಡ ಬೆಟ್ಟದೂರಿಗೆ ಎಂತಹ ದೇವಾಲಯ ತಕ್ಕುದು? ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಯ ಧರ್ಮಕೇಂದ್ರಗಳಿಗೆ ಸೇವೆಗೆ ತೆರಳುವ ಗುರುಗಳಿಗೆ ಈ ಪ್ರಶ್ನೆ ಎಂದಾದರೊಮ್ಮೆ ಎದುರಾಗುತ್ತದೆ. ಹಳೆಯ ಹೆಂಚಿನ ಚರ್ಚನ್ನು ಕೆಡವಿ ಕಾಂಕ್ರೀಟಿನ ಚೂಪುಗೋಪುರವೆತ್ತುವ ಉತ್ಸಾಹ ನಮ್ಮಲ್ಲಿ ಹೆಚ್ಚು. ಮಧ್ಯಯುಗದ ಚರ್ಚುಗಳು ನಮ್ಮ ಬೆಟ್ಟಗಳಲ್ಲಿ ಇಲ್ಲವಾದ್ದರಿಂದ ಪಿರಿನೀಸ್ ಪರ್ವತದ ಒಂದು ಹಳ್ಳಿಯನ್ನು ನೋಡೋಣ.

ಕೆಟಲೋನಿಯದ ಬೊಯಿ ಕಣಿವೆಯಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿ ತಾವುಲ್ ಗ್ರಾಮವಿದೆ. ರೋದಾದ ಧರ್ಮಾಧ್ಯಕ್ಷ ರಾಮೊನ್ ಗಿಯೆಮ್ ಅವರು 1123ರ ಡಿಸೆಂಬರ್ 10ರಂದು ಇಲ್ಲಿಯ ಸಂತ ಕ್ಲೆಮೆಂಟರ ದೇವಾಲಯವನ್ನು ಪ್ರತಿಷ್ಠಾಪಿಸಿದರು. ಕಂಬವೊಂದರ ಮೇಲೆ ಬರೆದ ಶಾಸನವೇ ಇದಕ್ಕೆ ಸಾಕ್ಷಿ. ಮರುದಿನ ಅದೇ ಹಳ್ಳಿಯಲ್ಲಿ ಮಾತೆ ಮರಿಯಳ ದೇವಾಲಯದ ಪ್ರತಿಷ್ಠೆಯೂ ನಡೆಯಿತು. ಪುಟ್ಟ ಹಳ್ಳಿಯೊಂದಕ್ಕೆ ಎರಡು ದಿನಗಳಲ್ಲಿ ಎರಡು ದೇವಾಲಯ!

ಹಣ ಎಲ್ಲಿಯದು? ಕಣಿವೆಯ ಒಡೆಯರಾದ ಎರಿಲ್ ಮನೆತನದವರು ಅರಗಾನಿನ ದೊರೆ ಒಂದನೆಯ ಅಲ್ಫೋನ್ಸೊನ ದಂಡಯಾತ್ರೆಗಳಲ್ಲಿ ಪಾಲ್ಗೊಂಡು ಸಿರಿವಂತರಾಗಿದ್ದರು. ಯುದ್ಧದ ಗಳಿಕೆ ದೇವಾಲಯಕ್ಕೆ ಸಂದಿತೆಂಬುದನ್ನು ಭಕ್ತಿಯ ಭರದಲ್ಲಿ ಮರೆಯಲಾಗದು.

ಕಟ್ಟಡ ಸರಳ. ದುಂಡುಕಂಬಗಳಿಂದ ಬೇರ್ಪಟ್ಟ ಮೂರು ಅಂಕಣಗಳು, ಅವುಗಳ ತುದಿಯಲ್ಲಿ ಮೂರು ಅರ್ಧವೃತ್ತ ಗೋಡೆಗಳು, ಮೇಲೆ ಮರದ ಮಾಡು. ಬದಿಯಲ್ಲಿ ಆರು ಅಂತಸ್ತಿನ ಚೌಕ ಗಂಟೆಗೋಪುರ. ಅಂತಸ್ತುಗಳ ನಡುವೆ ಚಿಕ್ಕ ಕಮಾನುಗಳ ಸಾಲು. ಈ ಅಲಂಕಾರ ಉತ್ತರ ಇಟಲಿಯ ಲೊಂಬಾರ್ದಿಯಿಂದ ಬಂದದ್ದು. ಶೈಲಿ ಪರದೇಶದ್ದು, ಕಲ್ಲು ಮಾತ್ರ ಊರಿನದು.

ಮುಖ್ಯ ಬಲಿಪೀಠದ ಹಿಂದಿನ ಗೋಡೆಯಲ್ಲಿ ಮಹಿಮಾಭರಿತ ಕ್ರಿಸ್ತರು ಆಸೀನರಾಗಿದ್ದರು. ಕೈಯ ಪುಸ್ತಕದಲ್ಲಿ, ತಾವೇ ಲೋಕದ ಜ್ಯೋತಿ ಎಂಬ ಅವರ ಮಾತು ಲತೀನಿನಲ್ಲಿದೆ. ಸುತ್ತ ನಾಲ್ವರು ಶುಭಸಂದೇಶಕಾರರ ಲಾಂಛನಗಳು, ಕೆಳಗೆ ಮಾತೆ ಮರಿಯ ಮತ್ತು ಪ್ರೇಷಿತರು. ಕಲಾಚರಿತ್ರೆಯ ಪುಸ್ತಕಗಳೆಲ್ಲ ಮುದ್ರಿಸುವುದು ಈ ಚಿತ್ರವನ್ನೇ. ನನ್ನ ಗಮನವಿರುವುದು ಬಲಿಪೀಠದ ಮುಂದಿನ ಕಮಾನಿನ ಬಳಿಯ ಸಣ್ಣ ಚಿತ್ರದ ಮೇಲೆ: ಧನಿಕನ ಬಾಗಿಲಲ್ಲಿ ಕುಳಿತ ಲಾಜರ, ಅವನ ಹುಣ್ಣು ನೆಕ್ಕುವ ನಾಯಿ (ಲೂಕ 16:19-31). ಪ್ರಭುಗಳ ಹಣದಿಂದ ಕಟ್ಟಿದ ಆಲಯದಲ್ಲಿ, ಕ್ರಿಸ್ತರತ್ತ ನೋಡುವ ಕಣ್ಣಿಗೆ ಬೀಳುವಂತೆಯೇ, ಹೆಸರರಿಯದ ಆ ಚಿತ್ರಕಾರ ಭಿಕ್ಷುಕನಿಗೆ ಎಡೆ ಮಾಡಿದ್ದಾನೆ. ಹೊಸ ಚರ್ಚಿನ ನಕ್ಷೆ ನೋಡುವಾಗ ಗೋಪುರದ ಎತ್ತರಕ್ಕಿಂತ ಮೊದಲು ನಾನು ಹುಡುಕುವುದು ಈ ಎಡೆಯನ್ನು.

ಪರದೇಶದ ಕೊಳ್ಳುಗರ ಪಾಲಾಗದಿರಲೆಂದು 1919 ಮತ್ತು 1923ರ ನಡುವೆ ಕಣಿವೆಯ ಚಿತ್ರಗಳನ್ನು ಬಟ್ಟೆಗೆ ಅಂಟಿಸಿ ಗೋಡೆಯಿಂದ ಎಬ್ಬಿಸಿ ಬಾರ್ಸಿಲೋನಾದ ವಸ್ತುಸಂಗ್ರಹಾಲಯಕ್ಕೆ ಒಯ್ಯಲಾಯಿತು. ಲಾಜರನೂ ಅಲ್ಲಿಗೆ ಹೋದ. 2000ದಲ್ಲಿ ಕಣಿವೆಯ ಒಂಬತ್ತು ಚರ್ಚುಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2013ರಿಂದ ತಾವುಲ್ಲಿನ ಗೋಡೆಯ ಮೇಲೆ ಬೆಳಕಿನ ಕಿರಣಗಳಿಂದ ಮೂಲಚಿತ್ರವನ್ನು ಮೂಡಿಸಿ ತೋರಿಸುತ್ತಾರೆ; ಬೆಳಕು ಆರಿದಾಗ ಅಳಿದುಳಿದ ಕೆಲವು ಬಣ್ಣದ ತುಣುಕುಗಳಷ್ಟೇ ಕಾಣುತ್ತವೆ.