ಹಡಗಿನ ಪೆಟ್ಟಿಗೆಯಲ್ಲಿ ಸಂಸಾರ

ಹೈವೇಯಲ್ಲಿ ಲಾರಿ ಮೇಲೆ ಉದ್ದನೆಯ ಕಬ್ಬಿಣದ ಪೆಟ್ಟಿಗೆ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ಕಂಟೈನರ್ ಅನ್ನುತ್ತಾರೆ. ಹಡಗಿನಲ್ಲಿ ಸಾಮಾನು ಸಾಗಿಸಲು ಮಾಡಿದ್ದು. ಆದರೆ ಕೆಲವು ದೇಶಗಳಲ್ಲಿ ಅದರೊಳಗೆ ಜನ ಸಂಸಾರ ಮಾಡ್ತಾರೆ! ಮೇಷ್ಟ್ರು ಚಿತ್ರ ತೋರಿಸಿದಾಗ ನಾನು ನಂಬಲೇ ಇಲ್ಲ. ನಮ್ಮಪ್ಪ ಗಾರೆ ಕೆಲಸದವರು. ಇಟ್ಟಿಗೆಯೇ ಇಲ್ಲದ ಮನೆ ಹೇಗಿರುತ್ತೆ ಅಂತ ತಿಳಿಯಬೇಕು ಅನ್ನಿಸಿತು.

ಈ ಪೆಟ್ಟಿಗೆಯನ್ನು ಬಳಕೆಗೆ ತಂದವರು ಅಮೆರಿಕದ ಮಾಲ್ಕಂ ಮೆಕ್ಲೀನ್, ಲಾರಿ ಕಂಪನಿ ನಡೆಸುತ್ತಿದ್ದವರು. 1956ರಲ್ಲಿ ಅವರ ಹಡಗು 58 ಪೆಟ್ಟಿಗೆ ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೋಯಿತು. ಮನೆಯಾದದ್ದು ಆಮೇಲೆ. ಲಂಡನ್ನಿನಲ್ಲಿ ಥೇಮ್ಸ್ ನದಿ ದಡದಲ್ಲಿ 2001ರಲ್ಲಿ ಪೆಟ್ಟಿಗೆಗಳನ್ನು ಪೇರಿಸಿ ಕಟ್ಟಡ ಮಾಡಿದರು. ಆಮ್‌ಸ್ಟರ್‌ಡ್ಯಾಂನಲ್ಲಿ ಕಾಲೇಜು ಹುಡುಗರಿಗೆ ರೂಮು ಸಿಗದೆ ಕಷ್ಟವಾಗಿದ್ದಾಗ, 2006ರ ಹೊತ್ತಿಗೆ ಸುಮಾರು 1000 ಪೆಟ್ಟಿಗೆ ಮನೆ ಎದ್ದವು.

ಚಿಕ್ಕ ಪೆಟ್ಟಿಗೆ 20 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ನಾವು ಆಟದ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಅಷ್ಟೇ ಗೆರೆ ಎಳೆದು ನೋಡಿದೆವು. ಅಗಲಕ್ಕೆ ಇಬ್ಬರು ಕೈ ಚಾಚಿ ನಿಂತರೆ ಕೈ ಗೆರೆ ದಾಟಿತು! ನಮ್ಮ ಮನೆಯ ಐದು ಜನ ಮಲಗಬಹುದು. ಆದರೆ ರಾಗಿ ಮೂಟೆ ಎಲ್ಲಿಡೋದು?

ಪೆಟ್ಟಿಗೆಯ ಶಕ್ತಿಯೆಲ್ಲ ಅದರ ನಾಲ್ಕು ಮೂಲೆ ಕಂಬಗಳಲ್ಲಿದೆ, ಮಂಚಕ್ಕೆ ಕಾಲಿದ್ದ ಹಾಗೆ. ಹಡಗಿನಲ್ಲಿ ಒಂದರ ಮೇಲೊಂದು ಇಟ್ಟಾಗ ಭಾರ ಈ ಕಂಬಗಳ ಮೇಲೆಯೇ ಇಳಿಯುತ್ತದೆ. ಗೋಡೆ ಬರೀ ಎರಡು ಮಿಲಿಮೀಟರಿನಷ್ಟು ತೆಳು. ಅದಕ್ಕೇ ತಗಡನ್ನು ಮಡಿಕೆ ಮಡಿಕೆಯಾಗಿ ಬಗ್ಗಿಸಿರುತ್ತಾರೆ. ನೋಟ್‌ಬುಕ್ಕಿನ ಒಂದು ಹಾಳೆಯನ್ನು ಬೀಸಣಿಗೆ ಹಾಗೆ ಮಡಿಸಿ ನಿಲ್ಲಿಸಿ. ಮಡಿಸದ ಹಾಳೆ ಬೀಳುತ್ತೆ, ಇದು ನಿಲ್ಲುತ್ತೆ. ಕಿಟಕಿಗೆ ಅಂತ ಗೋಡೆಯನ್ನು ದೊಡ್ಡದಾಗಿ ಕತ್ತರಿಸಿದರೆ ಆ ಬಿಗಿ ಹೋಗುತ್ತದೆ. ಸುತ್ತಲೂ ಕಬ್ಬಿಣದ ಚೌಕಟ್ಟು ವೆಲ್ಡಿಂಗ್ ಮಾಡಲೇಬೇಕು.

ದೊಡ್ಡ ತೊಂದರೆ ಬಿಸಿಲು. ಶೀಟಿನ ಮನೆಯಲ್ಲಿ ಇರುವವರಿಗೆ ನಾನು ಹೇಳಬೇಕಾಗಿಲ್ಲ! ಇಲ್ಲಿ ಸೂರು, ಗೋಡೆ ಎರಡೂ ಕಬ್ಬಿಣವೇ. ಚಳಿಯಲ್ಲಾದರೆ ಒಳಗೆ ಗೋಡೆ ಬೆವರುತ್ತೆ. ಅದಕ್ಕೆ ಒಳಗಡೆ ಥರ್ಮಕೋಲಿನಂಥ ಪದರ ಕೂರಿಸುತ್ತಾರೆ. ಆಗ ಇರುವ 8 ಅಡಿಯಲ್ಲೂ ಇನ್ನಷ್ಟು ಕಮ್ಮಿ.

ರಾತ್ರಿ ಅಪ್ಪನಿಗೆ ಇದೆಲ್ಲ ಹೇಳಿದೆ. "ಹಂಗಾದ್ರೆ ನನ್ನ ಕರಣೆ ಮೂಲೆಗೆ ಬಿತ್ತು ಅನ್ನು" ಅಂದರು. ನನಗೆ ಬೇಜಾರಾಯಿತು. ಪೆಟ್ಟಿಗೆಯನ್ನು ಬರೀ ಮಣ್ಣಿನ ಮೇಲೆ ಇಡೋ ಹಾಗಿಲ್ಲ, ನಾಲ್ಕು ಮೂಲೆಗೂ ಕಾಂಕ್ರೀಟ್ ಪಾಯ ಬೇಕು, ಒಂದು ಮೂಲೆ ತಗ್ಗಿದರೂ ಬಾಗಿಲು ಹಿಡಿದುಕೊಳ್ಳುತ್ತೆ ಅಂದೆ. ಅಪ್ಪ ತಟ್ಟೆ ಎಳೆದುಕೊಂಡು, "ಮತ್ತೆ ರಸಮಟ್ಟ ಹಿಡಿಯೋಕೆ ಜನ ಬೇಡ್ವಾ? ಮೊದಲೇ ಹೇಳಬಾರದಾ!" ಅಂತ ಮುದ್ದೆ ಮುರಿದರು.