ಏಳು ಮಾತ್ರೆಯ ಗಿಟಾರು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೇ ರಸ್ತೆಯಲ್ಲಿ ಮದ್ದೂರು ಮುಟ್ಟುವ ಮೊದಲು ಸಿಗುವ ಊರು ಸೋಮನಹಳ್ಳಿ. ನಾಡಿಗೆ ಈ ಊರು ಗೊತ್ತಿರುವುದು ಎಸ್.ಎಂ. ಕೃಷ್ಣ ಅವರಿಂದ. ಅವರು ಮುಖ್ಯಮಂತ್ರಿಯಾಗಿದ್ದ 1999ರಿಂದ 2004ರ ನಡುವೆಯೇ ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಕ್ ಸಂಗೀತದ ಘಟಾನುಘಟಿಗಳ ಓಡಾಟ ಜೋರಾಯಿತು. 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಬಂದರು. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬಂದಿತು. ಆ ತಂಡ ಭಾರತದಲ್ಲಿ ಮೊದಲ ಸಲ ಕಛೇರಿ ಕೊಟ್ಟದ್ದು ಬೆಂಗಳೂರಿನಲ್ಲಿ. ಮುಂಬೈ ಸರದಿ ಆಮೇಲೆ. ಇದನ್ನು ಹೇಳಿಕೊಂಡು ಬೀಗುವ ಬೆಂಗಳೂರಿಗರು ಈಗಲೂ ಸಿಗುತ್ತಾರೆ.

ಅಷ್ಟು ಹೊತ್ತಿಗೆ ಮಂಡ್ಯ ಜಿಲ್ಲೆಯ ಮದ್ದೂರು–ಮಳವಳ್ಳಿ ಸೀಮೆಯ ಕಿವಿಗೆ ರಾಕ್ ಬಿದ್ದದ್ದೆಷ್ಟು? ಸಿನಿಮಾ ದಯೆಯಿಂದ ಅಷ್ಟೋ ಇಷ್ಟೋ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಡಾ. ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡನ್ನು ಎಬಿಸಿಡಿ ಬಾರದವರೂ ಗುನುಗಿದರು. ಅದು ಒಂದು ಹಾಡಿನ ಮಾತಾಯಿತು. ಇಡೀ ಆಲ್ಬಮ್ಮನ್ನು ಕೂತು ಕೇಳುವ ರೂಢಿ ಮಾತ್ರ ಕಂಟೋನ್ಮೆಂಟಿನ ಮನೆಗಳು, ರೆಸ್ಟ್‌ಹೌಸ್ ರಸ್ತೆಯ ಪೆಕೋಸ್‌ನಂಥ ಪಬ್ಬುಗಳು, ಎಂಜಿನಿಯರಿಂಗ್ ಹಾಸ್ಟೆಲುಗಳನ್ನು ದಾಟಿ ಬರಲಿಲ್ಲ. ಹಳ್ಳಿಯ ಹುಡುಗ ರಾಕ್ ಕೇಳಬೇಕಾದರೆ ಮೊದಲು ಹಾಸ್ಟೆಲಿನಲ್ಲಿ ಸೀಟು ಸಿಗಬೇಕಿತ್ತು.

ಆಲ್ಬಮ್ ಎನ್ನುವುದೇ ಒಂದು ಯಂತ್ರದ ಕೂಸು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ತಟ್ಟೆ ತಂದಿತು. ಒಂದು ಮಗ್ಗುಲಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ಬಹುಕಾಲ ಪಾಪ್ ಮಂದಿ ಅದರಲ್ಲಿ ತುಂಬಿದ್ದು ಹಿಟ್ ಆದ ಒಂದೆರಡು ಹಾಡು, ಮಿಕ್ಕಿದ್ದು ಭರ್ತಿ ಸರಕು. 1967ರಲ್ಲಿ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪರ್ಸ್’ ಬಂದ ಮೇಲೆ ಆಲ್ಬಮ್ಮೆಂದರೆ ಮೊದಲಿಂದ ಕೊನೆಯವರೆಗೆ ಕೇಳಬೇಕಾದ ಒಂದು ಕೃತಿ ಎಂಬ ಮಾತು ನಿಂತಿತು. ಅದರ ಹೊದಿಕೆಯ ಹಿಂಬದಿಯಲ್ಲಿ ಹಾಡಿನ ಸಾಹಿತ್ಯವೂ ಅಚ್ಚಾಯಿತು.

ಕನ್ನಡಕ್ಕೆ ಆ ಗಳಿಗೆ ಬಂದದ್ದು ಕ್ಯಾಸೆಟ್ಟಿನಲ್ಲಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಮುಂದೆ ಇದೇ ಮಂಡ್ಯ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಸಿ. ಅಶ್ವತ್ಥ್ ಅವರ ರಾಗದಲ್ಲಿ ಮನೆಮನೆ ಸೇರಿತು. ಒಂದು ಹಾಡು ಮುಗಿದು ಟೇಪು ಸರಸರ ಎನ್ನುವ ಆ ಎರಡು ಸೆಕೆಂಡಿನಲ್ಲೇ ಮುಂದಿನ ಹಾಡಿನ ಮೊದಲ ಸಾಲು ಬಾಯಿಗೆ ಬಂದುಬಿಡುತ್ತಿತ್ತು. ಆಲ್ಬಮ್ ಕೇಳುವುದೆಂದರೆ ಅದೇ. ಇನ್ನೂ ಹಿಂದಕ್ಕೆ ಹೋದರೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಮಠದ ಊರು. ತಂಬೂರಿ, ಗಗ್ಗರ ಹಿಡಿದ ಮಂಟೇಸ್ವಾಮಿ ಒಕ್ಕಲಿನ ನೀಲಗಾರರು ಕಲ್ಯಾಣದ ಸಾಲು, ಸಿದ್ದಪ್ಪಾಜಿ ಸಾಲು ಎಂದು ಕತೆಯನ್ನು ಸಾಲುಸಾಲಾಗಿ ಬೆಳಗಿನ ತನಕ ಹಾಡಬಲ್ಲರು. ರಾತ್ರಿಯಿಡೀ ಕೂತು ಕೇಳಿದ ಜನಕ್ಕೆ ನಲವತ್ತು ನಿಮಿಷದ ಆಲ್ಬಮ್ ಯಾವ ಲೆಕ್ಕ? ರಾಕ್ ನಮಗೆ ಅರಗುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ.

ಮೊದಲ ಸಲ ಕೇಳುವವರಿಗೆ ನಾನು ಕೊಡುವುದು 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’. ಎದೆಬಡಿತದಿಂದ ಶುರುವಾಗಿ ಎದೆಬಡಿತಕ್ಕೇ ಬಂದು ನಿಲ್ಲುವ ಪಿಂಕ್ ಫ್ಲಾಯ್ಡ್ ಆಲ್ಬಮ್ ಅದು. ಅದರಲ್ಲಿ ‘ಮನಿ’ ಎಂಬ ಹಾಡಿದೆ. ಶುರುವಿನಲ್ಲಿ ಕೇಳುವುದು ಚಿಲ್ಲರೆ ಕಾಸಿನ ಝಣಝಣ, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾ ಯಂತ್ರದ ಟಣ್. ವಾಟರ್ಸ್ ತನ್ನ ಹೆಂಡತಿ ಕುಂಬಾರಿಕೆಗೆ ಮಣ್ಣು ಕಲಸುತ್ತಿದ್ದ ಬೋಗುಣಿಗೆ ಕಾಸು ಎಸೆದು ಧ್ವನಿ ಹಿಡಿದರು. ಆಮೇಲೆ ಟೇಪನ್ನು ಅಳತೆಪಟ್ಟಿ ಇಟ್ಟು ಸಮಸಮವಾಗಿ ಕತ್ತರಿಸಿ, ಏಳು ಸದ್ದಿನ ತುಂಡುಗಳನ್ನು ಬಳೆಯಂತೆ ಅಂಟಿಸಿ ತಿರುಗಿಸಿದರು. ಹಾಡಿನ ನಡೆಯೂ ಏಳೆಣಿಕೆಯದೇ. ನಾಲ್ಕೆಣಿಕೆಗೆ ಕಾಲು ಕುಣಿಸಿ ರೂಢಿಯಾದ ರಾಕ್ ಕೇಳುಗರಿಗೆ ಇದು ಎಡವುಗಲ್ಲು.

ನಮಗೆ ಹಾಗಾಗಬೇಕಿಲ್ಲ. ಕರ್ನಾಟಕ ಸಂಗೀತದ ಮಿಶ್ರಛಾಪು ಮೂರು ಮತ್ತು ನಾಲ್ಕು. ಕುಮಾರವ್ಯಾಸ ತನ್ನ ಭಾರತವನ್ನಿಡೀ ಬರೆದ ಭಾಮಿನಿ ಷಟ್ಪದಿಯೂ ಮೂರು–ನಾಲ್ಕು, ಮೂರು–ನಾಲ್ಕು ಮಾತ್ರೆಗಳ ಓಟವೇ. ಗಮಕ ವಾಚನ ಕೇಳಿ ಬೆಳೆದವರು ‘ಮನಿ’ಗೆ ಒಂದು ನಿಮಿಷದೊಳಗೆ ತೊಡೆ ತಟ್ಟಿಯಾರು. ಒತ್ತು ಬೀಳುವ ಜಾಗ ಬೇರೆ ನಿಜ, ಪಂಡಿತರು ನನ್ನ ಕಿವಿ ಹಿಂಡಬಹುದು. ಪಿಂಕ್ ಫ್ಲಾಯ್ಡ್‌ನ ಗಿಲ್ಮೋರ್ ಅವರ ಗಿಟಾರಿನ ಸೋಲೋ ಬಂದಾಗ ಹಾಡು ಥಟ್ಟನೆ ನಾಲ್ಕಕ್ಕೆ ಹೊರಳುತ್ತದಲ್ಲ, ಆ ಹೊರಳನ್ನು ಹಿಡಿಯುವುದಕ್ಕೆ ಷಟ್ಪದಿ ಗೊತ್ತಿದ್ದವರಷ್ಟು ತಯಾರಾದವರು ಬೇರೆ ಯಾರು?

ರಾಕ್ ಈ ಸೀಮೆಗೆ ಕೊನೆಗೂ ಬಂದದ್ದು ಮೈಸೂರು ಹುಡುಗರ ಹೆಗಲೇರಿ. ಅದಕ್ಕೂ ಮೊದಲು ಅರಮನೆ ಮೈದಾನದಲ್ಲೇ 2005ರಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ನಡೆಸಿ, ಭಾವಗೀತೆಗೂ ಮೈದಾನ ತುಂಬುವ ಜನ ಬರುತ್ತಾರೆಂದು ತೋರಿಸಿದ್ದರು. 2008ರಲ್ಲಿ ರಘು ದೀಕ್ಷಿತ್ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರನ್ನು ಗಿಟಾರಿಗೆ ಕೂರಿಸಿದರು. ಅದೇ ವರ್ಷ ‘ಸೈಕೋ’ ಸಿನಿಮಾಕ್ಕೆ ಅವರು ಮಾಡಿದ ಮಹದೇಶ್ವರನ ಹಾಡು ಬಂತು. ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗುವ ಒಕ್ಕಲಿರುವ ಊರುಗಳಲ್ಲಿ ಅದಕ್ಕೆ ಪರಿಚಯಪತ್ರ ಬೇಕಿರಲಿಲ್ಲ. 2009ರಲ್ಲಿ ಸ್ವರಾತ್ಮ ತಂಡದ ಮೊದಲ ಆಲ್ಬಮ್ ಬಂತು. ನೀರಿನ ಜಗಳದಲ್ಲಿ ಸೊರಗುವ ಕಾವೇರಿಯ ಕುರಿತ ‘ಪ್ಯಾಸಿ’ ಹಾಡು ಅವರದೇ, ಆದರೆ ಹಿಂದಿಯಲ್ಲಿ. ಕಾವೇರಿ ಗಲಾಟೆಯೆದ್ದರೆ ಹೆದ್ದಾರಿ ಬಂದಾಗುವ ಮಂಡ್ಯದವರಿಗೆ ಅದು ಕನ್ನಡದಲ್ಲಿ ಬೇಕಿತ್ತು. ಇದು ನನ್ನ ತಕರಾರು.

ಈಗ ಹಾಸ್ಟೆಲ್ ಸೀಟೂ ಬೇಡ, ಫೋನು ಸಾಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಲ್ಲಿ ಹೊರಟರೆ ಬೆಂಗಳೂರು–ಮದ್ದೂರಿನ ಹಾದಿಗೆ ಒಂದು ಆಲ್ಬಮ್ ಸರಿಹೋಗುತ್ತದೆ. ಆದರೆ ಆ್ಯಪುಗಳು ಹಾಡುಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಹಾಕುವ ಚಾಳಿ ಕಲಿತಿದ್ದವು. 2021ರಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಸ್ಪಾಟಿಫೈ ಆ್ಯಪು ದುಡ್ಡು ಕೊಡುವ ಖಾತೆಗಳಲ್ಲಿ ಆಲ್ಬಮ್ ಪುಟದ ಮುಖ್ಯ ಗುಂಡಿಯಿಂದ ಈ ಕಲಸಾಟವನ್ನು, ಅಂದರೆ ಷಫಲ್ ಅನ್ನು, ತೆಗೆಯಿತು. ನಿಮ್ಮ ಫೋನಿನಲ್ಲಿ ಅದು ಆನ್ ಆಗಿದ್ದರೆ ಆಫ್ ಮಾಡಿ, ಮೊದಲ ಹಾಡಿನಿಂದ ಹಚ್ಚಿ. ಪುಕ್ಕಟೆ ಖಾತೆಯಾದರೆ ನಡುವೆ ಜಾಹೀರಾತು ನುಗ್ಗುತ್ತದೆ. ಅದಕ್ಕೆ ನನ್ನ ಬಳಿ ಮದ್ದಿಲ್ಲ.